ಒಂದೇ ರಸ್ತೆ, ಎರಡು ಅಳತೆಗೋಲು: ದುಬಾರಿ ಕಾರಿನ ಮೇಲಿನ ಸಿಟ್ಟು ಎಲ್ಲಿಂದ ಬಂತು?

ಮುಲುಂಡ್, ಠಾಣೆ, ಪಿಂಪ್ರಿ-ಚಿಂಚ್‌ವಡ್ ಕಡೆಯ ಯಾವುದೇ ಡೆಂಟಿಂಗ್-ಪೇಂಟಿಂಗ್ ಗ್ಯಾರೇಜಿನಲ್ಲಿ ಕೇಳಿ ನೋಡಿ. ಅಕಸ್ಮಾತ್ ತಾಗಿದ ಗೀರು ಯಾವುದು, ಬೇಕೆಂದೇ ಎಳೆದದ್ದು ಯಾವುದು ಎಂದು ಕಂಡ ಕೂಡಲೇ ಹೇಳುತ್ತಾರೆ. ಗೇಟಿಗೋ ಕಂಬಕ್ಕೋ ತಾಗಿದ್ದು ಅಗಲವಾಗಿರುತ್ತದೆ, ಒಂದು ತುದಿಯಲ್ಲಿ ಆಳ, ಇನ್ನೊಂದು ತುದಿಯಲ್ಲಿ ತೇಲಿ ಹೋಗಿರುತ್ತದೆ, ತಾಗಿದ ವಸ್ತುವಿನ ಬಣ್ಣ ತುಸು ಮೆತ್ತಿಕೊಂಡಿರುತ್ತದೆ. ದುಬಾರಿ ಕಾರಿನ ಮೇಲಿನ ಸಿಟ್ಟಿಗೆ ಕೀಲಿಯಿಂದ ಎಳೆದದ್ದು ಹಾಗಲ್ಲ. ತೆಳುವಾದ ಒಂದೇ ಗೆರೆ, ಸೊಂಟದ ಎತ್ತರ, ಹಿಂದಿನ ಬಾಗಿಲಿನಿಂದ ಮುಂದಿನ ಫೆಂಡರ್‌ವರೆಗೆ. ನಡೆಯುತ್ತಾ ಎಳೆದ ಕೈಯ ಏರಿಳಿತ ಅದರಲ್ಲಿ ಉಳಿದಿರುತ್ತದೆ.

ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪ 100ರಿಂದ 150 ಮೈಕ್ರಾನ್, ಅಂದರೆ ಜೆರಾಕ್ಸ್ ಹಾಳೆಗಿಂತ ತುಸು ಹೆಚ್ಚು. ಅದರಲ್ಲಿ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ 40-50 ಮೈಕ್ರಾನ್. ಗೀರಿಗೆ ಅಡ್ಡವಾಗಿ ಉಗುರು ಎಳೆದಾಗ ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ನಲ್ಲಿ ಹೋಗುತ್ತದೆ. ಸಿಕ್ಕಿಕೊಂಡರೆ ಕ್ಲಿಯರ್ ಕೋಟ್ ಸೀಳಿದೆ ಎಂದೇ ಅರ್ಥ, ಆ ಪ್ಯಾನೆಲ್ಲನ್ನು ಪೂರ್ತಿ ಉಜ್ಜಿ ಮತ್ತೆ ಬಣ್ಣ ಹೊಡೆಯಬೇಕು. ಮೆಟಾಲಿಕ್ ಅಥವಾ ಪರ್ಲ್ ಬಣ್ಣವಾದರೆ ಪಕ್ಕದ ಪ್ಯಾನೆಲ್‌ಗೂ ಹಾಯಿಸಿ ಹೊಂದಿಸದಿದ್ದರೆ ಬಿಸಿಲಲ್ಲಿ ತೇಪೆ ಎದ್ದು ಕಾಣುತ್ತದೆ. ಗಲ್ಲಿಯ ಗ್ಯಾರೇಜಿನಲ್ಲಿ ಸಣ್ಣ ಕಾರಿನ ಒಂದು ಬಾಗಿಲು ಕೆಲವು ಸಾವಿರದಲ್ಲಿ ಮುಗಿಯುತ್ತದೆ. ದುಬಾರಿ ಕಾರಿನ ಅಧಿಕೃತ ವರ್ಕ್‌ಶಾಪಿನಲ್ಲಿ ಪ್ಯಾನೆಲ್ ಒಂದಕ್ಕೆ ಹತ್ತಾರು ಸಾವಿರ. ಒಂದೇ ಗೆರೆ ಮೂರು-ನಾಲ್ಕು ಪ್ಯಾನೆಲ್ ದಾಟಿದರೆ ಲಕ್ಷ ರೂಪಾಯಿ ಮೀರುವುದು ಕಷ್ಟವೇನಲ್ಲ.

ಆ ಲಕ್ಷ ರೂಪಾಯಿಗೆ ಕಾನೂನಿನಲ್ಲಿ ಬೇರೆಯೇ ತೂಕವಿದೆ. ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಪ್ರಕಾರ, ಬೇಕೆಂದೇ ಮಾಡಿದ ಹಾನಿ 20 ಸಾವಿರದಿಂದ ಒಂದು ಲಕ್ಷದೊಳಗಿದ್ದರೆ ಎರಡು ವರ್ಷದವರೆಗೆ ಸಜೆ ಆಗಬಹುದು. ಲಕ್ಷ ಮತ್ತು ಅದಕ್ಕೂ ಮೇಲಾದರೆ ಐದು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಇದೇ ಸಂಹಿತೆಯ 106(1)ನೇ ಸೆಕ್ಷನ್ ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣರಾದವರ ಬಗ್ಗೆ ಹೇಳುತ್ತದೆ. ಅಲ್ಲೂ ಸಜೆಯ ಗರಿಷ್ಠ ಮಿತಿ ಐದು ವರ್ಷವೇ. ಬೇಕೆಂದೇ ಮಾಡಿದ್ದಕ್ಕೂ ನಿರ್ಲಕ್ಷ್ಯಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ, ಅದು ಸರಿಯೇ. ಆದರೂ ಮಗನನ್ನು ರಸ್ತೆಯಲ್ಲಿ ಕಳೆದುಕೊಂಡ ಮನೆಯವರಿಗೆ ಈ ಎರಡು ಐದುಗಳನ್ನು ಅಕ್ಕಪಕ್ಕ ಇಟ್ಟು ಸಮಾಧಾನ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಗೀರಿನ ಮೊದಲ ಪೆಟ್ಟು ಬೀಳುವುದು ಸೊಸೈಟಿಯ ವಾಚ್‌ಮನ್ ಮೇಲೆ. ರಾತ್ರಿ ಪಾಳಿಯಲ್ಲಿದ್ದವನ ಸಂಬಳ ಕಟ್, ಇಲ್ಲವೇ ಏಜೆನ್ಸಿಗೆ ಫೋನ್ ಮಾಡಿ ಆಳನ್ನು ಬದಲಾಯಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಯಾರ ಮೇಲೆ ಸಿಟ್ಟಿತ್ತೋ ಅವರಿಗೆ ವಿಮೆಯಿದೆ. 1500 ಸಿಸಿಗಿಂತ ದೊಡ್ಡ ಕಾರಿಗೆ ಕಡ್ಡಾಯ ಕಡಿತ 2,000 ರೂಪಾಯಿ, ಮೇಲಿಂದ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಅಷ್ಟೇ.

ಸುರಂಗದಲ್ಲಿ ನಿಂತವರು

ಇದೆಲ್ಲ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವವರಿದ್ದಾರೆ. ಹೊಟ್ಟೆಕಿಚ್ಚೇ ಆಗಿದ್ದರೆ ಅದು ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರಬೇಕಿತ್ತು. ಇರಲಿಲ್ಲ. ಮುಂಬೈ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕ್ಯಾಶ್ ಕೌಂಟರಿಗೆ ಬಡ್ತಿ ಪಡೆದು, ಕೊನೆಗೆ ಸ್ವಂತ ಹೋಟೆಲು ಇಟ್ಟವರ ತಲೆಮಾರು ಇಲ್ಲಿದೆ. ಅಂಥವರು ಮೇ ತಿಂಗಳ ಮದುವೆಗೋ ದೈವದ ನೇಮಕ್ಕೋ ಎಂಎಚ್ ನಂಬರಿನ ದೊಡ್ಡ ಕಾರಿನಲ್ಲಿ ಊರಿಗೆ ಬಂದಿಳಿದಾಗ, ಅವರದೇ ಹೋಟೆಲಿನ ಮಾಣಿಯ ಮನೆಯವರೂ ಹೆಮ್ಮೆಯಿಂದ ನೋಡುತ್ತಿದ್ದರು. ಧಣಿಗಳು ಹತ್ತಿದ ಮೆಟ್ಟಿಲು ಎಲ್ಲರಿಗೂ ಕಾಣುತ್ತಿತ್ತು. ಇಂದಲ್ಲ ನಾಳೆ ತಮ್ಮ ಹುಡುಗನೂ ಅದನ್ನು ಹತ್ತಿಯಾನು ಎಂಬ ನಂಬಿಕೆ ಇತ್ತು.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1973ರಲ್ಲಿ ಇದಕ್ಕೆ ಸುರಂಗದ ಹೋಲಿಕೆ ಕೊಟ್ಟರು. ಎರಡು ಪಥದ ಸುರಂಗದಲ್ಲಿ ಸಂಚಾರ ನಿಂತುಹೋಗಿದೆ. ಅಷ್ಟರಲ್ಲಿ ಪಕ್ಕದ ಪಥ ಚಲಿಸತೊಡಗುತ್ತದೆ. ಮೊದಲು ಖುಷಿಯಾಗುತ್ತದೆ, ಇನ್ನೇನು ನಮ್ಮದೂ ಹೊರಟೀತು ಎಂದು. ಎಷ್ಟು ಹೊತ್ತಾದರೂ ನಮ್ಮದು ಕದಲದೆ ಪಕ್ಕದ್ದು ಮಾತ್ರ ಸಾಗುತ್ತಲೇ ಇದ್ದರೆ ಆ ಖುಷಿ ಸಿಟ್ಟಾಗುತ್ತದೆ. ಮೋಸ ನಡೆದಿದೆ ಎನ್ನಿಸುತ್ತದೆ.

ಮುಂಬೈ-ಪುಣೆಯಲ್ಲಿ ಈಗ ಆಗಿರುವುದು ಇದೇ. 2024ರಲ್ಲಿ ದೇಶದಲ್ಲಿ ಮೊದಲ ಬಾರಿಗೆ 50 ಸಾವಿರಕ್ಕೂ ಹೆಚ್ಚು ಐಷಾರಾಮಿ ಕಾರುಗಳು ಮಾರಾಟವಾದವು, ಗಂಟೆಗೆ ಐದಾರು ಕಾರಿನ ಲೆಕ್ಕ. ಮರ್ಸಿಡಿಸ್ ಒಂದೇ 19,565 ಮಾರಿತು. ಮರುವರ್ಷ ಮೇ ತಿಂಗಳಲ್ಲಿ ಮುಂಬೈಯ ನಗರ ಸಾರಿಗೆಯಾದ ಬೆಸ್ಟ್ ಬಸ್ಸಿನ ಕನಿಷ್ಠ ಟಿಕೆಟ್ 5 ರೂಪಾಯಿಯಿಂದ 10ಕ್ಕೆ, ಎಸಿ ಬಸ್ಸಿನದು 6ರಿಂದ 12ಕ್ಕೆ ಏರಿತು. ಜೂನ್‌ನಲ್ಲಿ ಪುಣೆಯ ನಗರ ಬಸ್ ಸಂಸ್ಥೆ ಪಿಎಂಪಿಎಂಎಲ್‌ನ ತಿಂಗಳ ಪಾಸ್ 900ರಿಂದ 1,500 ಆಯಿತು. ಜುಲೈನಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಸುಮಾರು 12 ಸಾವಿರ ಜನರನ್ನು ಕೈಬಿಡುವುದಾಗಿ ಹೇಳಿತು, ಪುಣೆಯ ಐಟಿ ಪ್ರದೇಶ ಹಿಂಜವಡಿಯ ಪಿಜಿಗಳಲ್ಲಿ ಇರುವ ಧಾರವಾಡ, ಬೆಳಗಾವಿ, ದಾವಣಗೆರೆಯ ಹುಡುಗ-ಹುಡುಗಿಯರು ನಿದ್ದೆಗೆಟ್ಟರು. ಈ ಮೂರೂ ಮೂರು ತಿಂಗಳೊಳಗೆ ಬಂದ ಸುದ್ದಿಗಳು.

ಮುಂಬೈಯಲ್ಲಿ ಸುರಂಗವೂ ಹೋಲಿಕೆಯಾಗಿ ಉಳಿದಿಲ್ಲ. 2024ರ ಮಾರ್ಚ್‌ನಲ್ಲಿ ಮೊದಲ ಹಂತ ತೆರೆದ ಕರಾವಳಿ ರಸ್ತೆಗೆ ಮಲಬಾರ್ ಹಿಲ್ ಕೆಳಗೆ ಎರಡು ಕಿಲೋಮೀಟರಿಗೂ ತುಸು ಉದ್ದದ ಜೋಡಿ ಸುರಂಗವಿದೆ. 10.58 ಕಿ.ಮೀ. ಉದ್ದದ ಈ ರಸ್ತೆಗೆ ಪಾಲಿಕೆ 13 ಸಾವಿರ ಕೋಟಿ ರೂಪಾಯಿ ಆಸುಪಾಸು ಸುರಿದಿದೆ. ಟೋಲ್ ಇಲ್ಲ. ಆದರೆ ಸ್ಕೂಟರ್, ಬೈಕು, ರಿಕ್ಷಾಗಳಿಗೆ ಪ್ರವೇಶವೂ ಇಲ್ಲ. ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೂ ಇಲ್ಲ, ಮುಂಬೈಯಿಂದ ನವಿ ಮುಂಬೈಗೆ ಸಮುದ್ರ ದಾಟುವ 21.8 ಕಿ.ಮೀ. ಅಟಲ್ ಸೇತುವಿನ ಮೇಲೂ ಇಲ್ಲ. ವೇಗದ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೆ ಅಪಾಯ ಹೆಚ್ಚು, ಸಮುದ್ರದ ಅಡ್ಡಗಾಳಿ ಇದೆ ಎಂಬ ಕಾರಣಗಳು ಸುಳ್ಳಲ್ಲ. ಹಾಗಿದ್ದರೆ ಅವರ ಪಾಲಿನ ರಸ್ತೆ ಬಸ್ಸಿನ ರೂಪದಲ್ಲಿ ಸಿಗಬೇಕಿತ್ತು. ಕರಾವಳಿ ರಸ್ತೆಯಲ್ಲಿ ಬಸ್ಸಿಗೇ ಬೇರೆ ಪಥ ಇರುತ್ತದೆ ಎಂದು ಯೋಜನೆಯ ಹೊತ್ತಿನಲ್ಲಿ ಹೇಳಿದ್ದರು. ಒಂದು ಕಾಲಕ್ಕೆ 4,000 ದಾಟಿದ್ದ ಬೆಸ್ಟ್ ಬಸ್ಸುಗಳ ಸಂಖ್ಯೆ 3,000ಕ್ಕಿಂತ ಕೆಳಗೆ ಬಂದದ್ದು ಈ ರಸ್ತೆ ತೆರೆದ ಕಾಲದಲ್ಲೇ.

ತೆರಿಗೆ ಎಲ್ಲಿ ಇಳಿಯತೊಡಗುತ್ತದೆ

ದೊಡ್ಡ ಕಾರಿನವರು ದೊಡ್ಡ ತೆರಿಗೆ ಕಟ್ಟುತ್ತಾರಲ್ಲ ಎಂಬ ಮಾತು ಅರ್ಧ ನಿಜ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್-ಡೀಸೆಲ್ ಕಾರುಗಳಿಗೆ ಜಿಎಸ್‌ಟಿ ಶೇ 18, ದೊಡ್ಡವಕ್ಕೆ ಶೇ 40. ವಿದೇಶದಿಂದ ಪೂರ್ಣ ಜೋಡಿಸಿ ತರುವ ಕಾರು 40 ಸಾವಿರ ಡಾಲರ್ ಮೀರಿದರೆ 2025ರ ಬಜೆಟ್ ಲೆಕ್ಕದಲ್ಲಿ ಸುಂಕ ಒಟ್ಟು ಶೇ 110. ಇಷ್ಟು ಕಟ್ಟಿದವರನ್ನು ತೆರಿಗೆಗಳ್ಳರು ಎನ್ನುವುದು ಅನ್ಯಾಯ. ಉಳಿದರ್ಧ ನಿಜ ಇರುವುದು ಆರ್‌ಟಿಒದಲ್ಲಿ.

ಮಹಾರಾಷ್ಟ್ರದಲ್ಲಿ ಖಾಸಗಿ ಪೆಟ್ರೋಲ್ ಕಾರಿನ ಒಂದೇ ಬಾರಿಯ ರಸ್ತೆ ತೆರಿಗೆ 10 ಲಕ್ಷದವರೆಗೆ ಶೇ 11, 20 ಲಕ್ಷದವರೆಗೆ ಶೇ 12, ಅದಕ್ಕೂ ಮೇಲೆ ಶೇ 13. ಡೀಸೆಲ್‌ಗೆ ಎರಡೆರಡು ಅಂಶ ಹೆಚ್ಚು. ಕಂಪನಿ ಹೆಸರಿನ ಅಥವಾ ಆಮದಾದ ಕಾರಿಗೆ ಶೇ 20. ಇಲ್ಲಿಯವರೆಗೆ ಏಣಿ ಮೇಲೇರುತ್ತದೆ. ಆದರೆ ಎಷ್ಟೇ ಬೆಲೆಯ ಕಾರಾದರೂ ತೆರಿಗೆ ಒಂದು ಮೊತ್ತವನ್ನು ಮೀರುವಂತಿಲ್ಲ ಎಂಬ ಮಿತಿಯೊಂದಿದೆ. ಅದು 20 ಲಕ್ಷವಿತ್ತು, 2025ರ ಜುಲೈ 1ರಿಂದ 30 ಲಕ್ಷ ಮಾಡಿದರು.

ಈಗ ಲೆಕ್ಕ ಹಾಕಿ. 9 ಲಕ್ಷದ ಸಣ್ಣ ಕಾರು 99 ಸಾವಿರ ಕಟ್ಟುತ್ತದೆ, ಶೇ 11. ಆಮದಾದ ಕಾರು ಒಂದೂವರೆ ಕೋಟಿಗೆ 30 ಲಕ್ಷದ ಮಿತಿ ಮುಟ್ಟುತ್ತದೆ, ಅಲ್ಲಿಂದಾಚೆಗೆ ಬೆಲೆ ಏರಿದಂತೆಲ್ಲ ದರ ಇಳಿಯುತ್ತದೆ. 3 ಕೋಟಿಗೆ ಶೇ 10, 5 ಕೋಟಿಗೆ ಶೇ 6. ಊಟದ ಪೊಟ್ಟಣ ಹೊತ್ತು ತಿರುಗುವ ಹುಡುಗನ 125 ಸಿಸಿ ಬೈಕಿಗೆ ಇದೇ ಆರ್‌ಟಿಒದಲ್ಲಿ ತೆರಿಗೆ ಶೇ 11.

ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಶೇ 18, ಮೇಲಿಂದ ಸೆಸ್. ಅದೇ 5 ಕೋಟಿಯ ಕಾರಿಗೆ ಸೆಸ್ ಬಿಟ್ಟೇ 90 ಲಕ್ಷ. ಮುಂಬೈಗೂ ಬೆಂಗಳೂರಿಗೂ 60 ಲಕ್ಷದ ಅಂತರ. ಬೆಂಗಳೂರಿನ ಬೀದಿಯಲ್ಲಿ ಮಹಾರಾಷ್ಟ್ರ, ಪುದುಚೇರಿ ನಂಬರಿನ ಭಾರೀ ಕಾರುಗಳು ಓಡಾಡುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ನಂಬರಿಗೆ ಬದಲಾಯಿಸಬೇಕು. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಇಂಥ 30 ಕಾರುಗಳನ್ನು ಹಿಡಿಯಿತು. ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಎರಡು ರೋಲ್ಸ್ ರಾಯ್ಸ್‌ಗಳಿಂದ ಸುಮಾರು 38 ಲಕ್ಷ ವಸೂಲಿಗೆ ಕ್ರಮ ಜರುಗಿಸಿತು. ಮಿತಿ ತೆಗೆದರೆ ಕಾರುಗಳು ಬೇರೆ ರಾಜ್ಯಕ್ಕೆ ಹೋಗುತ್ತವೆ, ಬರುವ 30 ಲಕ್ಷವೂ ತಪ್ಪುತ್ತದೆ ಎಂಬುದು ಮಿತಿಯ ಪರ ಇರುವವರ ವಾದ. ವಾದದಲ್ಲಿ ಹುರುಳಿದೆ, ಆದರೆ ಅದಕ್ಕೆ ಮದ್ದು ರಾಜ್ಯಗಳು ಕೂತು ಒಂದೇ ದರಕ್ಕೆ ಬರುವುದು. ಜಿಎಸ್‌ಟಿಗೆ ಆದದ್ದು ಇದಕ್ಕೆ ಯಾಕೆ ಆಗಬಾರದು?

ವಿದ್ಯುತ್ ಕಾರಿನ ವಿಷಯ ಇನ್ನೂ ಸೂಕ್ಷ್ಮ. ಬೆಲೆ 10 ಲಕ್ಷವಿರಲಿ, 2 ಕೋಟಿಯಿರಲಿ, ಜಿಎಸ್‌ಟಿ ಶೇ 5. ಹಾಲಿನವರು, ಪೇಪರಿನವರು ಓಡಿಸುವ 100 ಸಿಸಿ ಬೈಕಿಗೆ 2025ರ ಸೆಪ್ಟೆಂಬರ್‌ವರೆಗೆ ಶೇ 28 ಇತ್ತು, ಈಗ 18. ಮಹಾರಾಷ್ಟ್ರ ಸರ್ಕಾರ 2025ರ ಬಜೆಟ್‌ನಲ್ಲಿ 30 ಲಕ್ಷ ಮೀರಿದ ವಿದ್ಯುತ್ ಕಾರಿಗೆ ಶೇ 6 ತೆರಿಗೆ ಎಂದಿತು, ಅದೇ ತಿಂಗಳು ಹಿಂದಕ್ಕೆ ಪಡೆಯಿತು. ಆಗಸ್ಟ್‌ನಿಂದ ಅಟಲ್ ಸೇತುವಿನಲ್ಲಿ ವಿದ್ಯುತ್ ಕಾರಿಗೆ ಟೋಲ್ ಮಾಫಿ. ಒಂದೇ ಸೇತುವೆಯ ಬಾಯಲ್ಲಿ ನಿಂತು ನೋಡಿದರೆ ಎರಡು ಕೋಟಿಯ ವಿದ್ಯುತ್ ಕಾರು ಪುಕ್ಕಟೆ ದಾಟುತ್ತದೆ, ಆರು ಲಕ್ಷದ ಪೆಟ್ರೋಲ್ ಕಾರು 250 ರೂಪಾಯಿ ಕೊಡುತ್ತದೆ, ಬೈಕಿನವನು ವಾಪಸ್ ತಿರುಗುತ್ತಾನೆ. ಹೊಗೆ ಕಡಿಮೆಯಾಗಬೇಕು, ವಿದ್ಯುತ್ ವಾಹನಕ್ಕೆ ಪ್ರೋತ್ಸಾಹ ಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರೋತ್ಸಾಹಕ್ಕೆ ಬೆಲೆಯ ಮಿತಿ ಹಾಕುವುದು ನಮಗೆ ಹೊಸದೂ ಅಲ್ಲ. ಕೇಂದ್ರದ ಫೇಮ್-2 ಯೋಜನೆಯಲ್ಲಿ ಸಬ್ಸಿಡಿ ಸಿಗಬೇಕಾದರೆ ಕಾರಿನ ಬೆಲೆ 15 ಲಕ್ಷದೊಳಗೆ ಇರಬೇಕಿತ್ತು, ಅದೂ ಬಾಡಿಗೆ ಕಾರಿಗೆ ಮಾತ್ರ.

ಕಂಪನಿ ಹೆಸರಿನಲ್ಲಿ ಕೊಂಡ ಕಾರಿನ ಲೆಕ್ಕ ಹೊರಗಿನವರಿಗೆ ಕಾಣುವುದಿಲ್ಲ. ಒಂದು ಕೋಟಿಯ ಕಾರಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ 15 ಸವಕಳಿ ತೋರಿಸಬಹುದು. ಮೊದಲ ವರ್ಷ 15 ಲಕ್ಷ, ಉಳಿದ ಮೌಲ್ಯದ ಮೇಲೆ ಮತ್ತೆ ಶೇ 15, ಹೀಗೆ ಐದು ವರ್ಷಕ್ಕೆ 55 ಲಕ್ಷ ಮೀರುತ್ತದೆ. ಶೇ 25.17 ದರದಲ್ಲಿ ತೆರಿಗೆ ಕಟ್ಟುವ ಕಂಪನಿಗೆ ಇದರಿಂದ ಉಳಿಯುವುದು ಸುಮಾರು 14 ಲಕ್ಷ. ಸಾಲದ ಬಡ್ಡಿ, ಪೆಟ್ರೋಲು, ಡ್ರೈವರನ ಸಂಬಳವೂ ಖರ್ಚಿನ ಬಾಬತ್ತಿಗೆ ಸೇರುತ್ತವೆ. ಜಿಎಸ್‌ಟಿ ಮಾತ್ರ ವಾಪಸ್ ಸಿಗುವುದಿಲ್ಲ, ಸಾಮಾನ್ಯ ಕಂಪನಿ ಕಾರಿಗೆ ಹೂಡುವಳಿ ತೆರಿಗೆ ಜಮೆಯನ್ನು (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಜಿಎಸ್‌ಟಿ ಕಾಯ್ದೆಯ 17(5)ನೇ ಸೆಕ್ಷನ್ ತಡೆಯುತ್ತದೆ. ಅದೇ ಕಾರನ್ನು ಡೈರೆಕ್ಟರ್ ಸಾಹೇಬರು ಮನೆ ಬಳಕೆಗೂ ಓಡಿಸಿದರೆ, 1.6 ಲೀಟರಿಗಿಂತ ದೊಡ್ಡ ಎಂಜಿನ್‌ಗೆ ತೆರಿಗೆಗಾಗಿ ಅವರ ಆದಾಯಕ್ಕೆ ಸೇರುತ್ತಿದ್ದ ಮೌಲ್ಯ ಬಹುಕಾಲ ತಿಂಗಳಿಗೆ 2,400 ರೂಪಾಯಿ, ಡ್ರೈವರ್ ಇದ್ದರೆ ಇನ್ನೊಂದು 900. ಪುಣೆಯ ಎರಡು ಬಸ್ ಪಾಸಿನ ಆಜುಬಾಜು. ಸ್ವಂತ ದುಡ್ಡಲ್ಲಿ ಬೈಕ್ ಕೊಂಡ ಸಂಬಳದಾರನಿಗೆ ಇಂಥ ಯಾವ ಬಾಗಿಲೂ ಇಲ್ಲ. ಅವನ ಬೈಕ್ ಸಾಲದ ಬಡ್ಡಿ ಹಲವು ಫೈನಾನ್ಸ್ ಕಂಪನಿಗಳಲ್ಲಿ ಕಾರು ಸಾಲದ ಬಡ್ಡಿಗಿಂತ ಎಷ್ಟೋ ಹೆಚ್ಚು.

ಇಲ್ಲೇ ಒಂದು ಮಾತು. ಮೂತಿಯ ಮೇಲಿನ ನಕ್ಷತ್ರ ಅಥವಾ ನಾಲ್ಕು ಬಳೆ ನೋಡಿ ಮಾಲೀಕನ ಕಿಸೆ ಅಳೆಯುವುದು ತಪ್ಪು. ಹತ್ತು ವರ್ಷ ಹಳೆಯ ಜರ್ಮನ್ ಸೆಡಾನ್ ಹೊಸ ಸಣ್ಣ ಎಸ್‌ಯುವಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಸಣ್ಣ ಹೋಟೆಲಿನವರು, ಕೇಟರಿಂಗ್ ಮಾಡುವವರು ಅಂಥದನ್ನು ಕೊಂಡು ಏರ್ ಸಸ್ಪೆನ್ಶನ್ ಕೆಟ್ಟಾಗ ರಿಪೇರಿ ಬಿಲ್ ನೋಡಿ ಕಂಗಾಲಾಗುವುದು ಉಂಟು. ಕೀಲಿಯ ಗೆರೆ ಅವರ ಕಾರಿನ ಮೇಲೂ ಬೀಳುತ್ತದೆ. 50 ಲಕ್ಷವನ್ನು ಶೇ 9ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಸಾಲ ಪಡೆದವರ ಕಂತು ತಿಂಗಳಿಗೆ 80 ಸಾವಿರ ದಾಟುತ್ತದೆ. ಹೊರಗೆ ಹೊಳಪು, ಒಳಗೆ ಕಂತಿನ ಚಿಂತೆ ಎಂಬಂಥ ಮನೆಗಳೂ ಬೇಕಾದಷ್ಟಿವೆ.

1,758 ರೂಪಾಯಿ

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಟೈಕಾನ್ ಬೈಕಿಗೆ ಗುದ್ದಿ ಮಧ್ಯಪ್ರದೇಶದ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಬೆಂಗಳೂರಿನ ಡೀಲರ್ ಮೂಲಕ ಬಂದಿದ್ದ ಆ ಕಾರಿಗೆ ಕಾಯಂ ನೋಂದಣಿ ಆಗಿರಲಿಲ್ಲ. ಬಾಕಿ ಇದ್ದ ಶುಲ್ಕ 1,758 ರೂಪಾಯಿ. ವಿದ್ಯುತ್ ಕಾರಾದ್ದರಿಂದ ರಸ್ತೆ ತೆರಿಗೆ ಮಾಫಿಯಾಗಿತ್ತು, ಕಟ್ಟಬೇಕಿದ್ದದ್ದು ಅಷ್ಟೇ. ಪುಣೆಯ ಈಗಿನ ಬಸ್ ಪಾಸಿಗಿಂತ 258 ರೂಪಾಯಿ ಹೆಚ್ಚು. ಹದಿನೈದು ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಜಾಮೀನು ಕೊಟ್ಟಿತು, ರಸ್ತೆ ಸುರಕ್ಷತೆಯ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕು ಎಂಬ ಷರತ್ತಿನೊಂದಿಗೆ. ಈ ಪ್ರಬಂಧ ಮತ್ತು ಈ 1,758, ಎರಡೂ ಜನರ ಮನಸ್ಸಿನಲ್ಲಿ ಅಚ್ಚೊತ್ತಿ ಕೂತವು. ಅದಾದ ಏಳು ವಾರಕ್ಕೆ, ಜುಲೈ 7ರಂದು, ವರ್ಲಿಯಲ್ಲಿ ಸಸೂನ್ ಡಾಕ್‌ನಿಂದ ಮೀನು ತರುತ್ತಿದ್ದ ಕೋಳಿವಾಡದ ದಂಪತಿಯ ಸ್ಕೂಟರಿಗೆ ಬಿಎಂಡಬ್ಲ್ಯು ಗುದ್ದಿ ಹೆಂಡತಿಯನ್ನು ಎಳೆದೊಯ್ದಿತು. ಆರೋಪಿ ಸಿಕ್ಕಿದ್ದು ಎರಡು ದಿನದ ಮೇಲೆ.

ಈ ಎರಡು ದಿನ, ಹದಿನೈದು ಗಂಟೆಗಳಲ್ಲೇ ಗುಟ್ಟಿರುವುದು. ಕಾನೂನಿನ ಪ್ರಕಾರ ಚಾಲಕನ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯಸಾರ ಇರಬಾರದು. ದೇಹ ಗಂಟೆಗೆ ಸುಮಾರು 15 ಮಿ.ಗ್ರಾಂನಂತೆ ಅದನ್ನು ಕರಗಿಸುತ್ತದೆ. ನಸುಕಿನ ಎರಡೂವರೆಗೆ 120 ಇದ್ದದ್ದು ಬೆಳಗಿನ ಹತ್ತೂವರೆ-ಹನ್ನೊಂದಕ್ಕೆ ಹೆಚ್ಚುಕಡಿಮೆ ಸೊನ್ನೆ. ಪುಣೆಯಲ್ಲಿ ರಕ್ತ ತೆಗೆದದ್ದೇ ಗಂಟೆಗಟ್ಟಲೆ ತಡವಾಗಿ, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ವೈದ್ಯರ ಬಂಧನವಾಯಿತು. ಕೊನೆಗೆ ಪೊಲೀಸರು ಆಧರಿಸಿದ ಸಾಕ್ಷ್ಯಗಳಲ್ಲಿ ಪಬ್ಬಿನ ಬಿಲ್ಲು, ಸಿಸಿಟಿವಿ ಪ್ರಮುಖವಾದವು. ಮುಂಬೈ-ಪುಣೆಯ ಎಷ್ಟೋ ಬಾರು, ಪರ್ಮಿಟ್ ರೂಮುಗಳು ನಮ್ಮ ಕನ್ನಡಿಗರವೇ. ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ಮಿನಂಥ ಕಡು ಮದ್ಯ ಕುಡಿಯುವ ವಯಸ್ಸು 25. ಬಾಗಿಲಲ್ಲಿ ಆಧಾರ್ ನೋಡಿ ಒಳಬಿಡುವ ಕೆಲಸಕ್ಕೆ ಒಬ್ಬನನ್ನು ನಿಲ್ಲಿಸುವುದು, ಕಾರಿನ ಕೀಲಿ ಕೇಳುವ ಗಿರಾಕಿ ತೂರಾಡುತ್ತಿದ್ದರೆ ವ್ಯಾಲೆ ಹುಡುಗ ಕೀಲಿ ಕೊಡದಿರುವುದು, ಇವು ಹೋಟೆಲಿನವರ ಕೈಯಲ್ಲಿರುವ ಕೆಲಸ. ಅಪ್ರಾಪ್ತನಿಗೆ ಗಾಡಿ ಕೊಟ್ಟ ಪೋಷಕರಿಗೆ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಸಜೆ, 25 ಸಾವಿರ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ದಂಡದ ಅಳತೆಗೋಲೂ ಡೊಂಕೇ. ಅತಿವೇಗಕ್ಕೆ ಕಾರಿನವರಿಗೆ ಕೇಂದ್ರ ಕಾಯ್ದೆ ಹೇಳುವ ದಂಡ 1,000ದಿಂದ 2,000 ರೂಪಾಯಿ. ತಿಂಗಳಿಗೆ 25 ಸಾವಿರ ದುಡಿಯುವವನಿಗೆ 2,000 ಎರಡೂವರೆ ದಿನದ ದುಡಿಮೆ. ಕೋಟಿಯ ಕಾರಿನವರಿಗೆ ಅದು ಟೈರಿನಲ್ಲಿ ಸವೆದ ರಬ್ಬರಿನಷ್ಟೂ ಅಲ್ಲ. ಫಿನ್ಲೆಂಡಿನಲ್ಲಿ ಗಂಭೀರ ವೇಗಮಿತಿ ಉಲ್ಲಂಘನೆಗೆ ದಂಡ ಹಾಕುವುದು ಆದಾಯದ ದಿನಗಳ ಲೆಕ್ಕದಲ್ಲಿ. 2023ರಲ್ಲಿ 50ರ ವಲಯದಲ್ಲಿ 82 ಕಿ.ಮೀ. ಓಡಿಸಿದ ಒಬ್ಬ ಉದ್ಯಮಿ 1,21,000 ಯೂರೊ ಕಟ್ಟಬೇಕಾಯಿತು. ನಮ್ಮಲ್ಲಿ ಆದಾಯ ನೋಡುವುದು ಸತ್ತವರದ್ದು. ಪರಿಹಾರ ನಿಗದಿ ಮಾಡುವಾಗ ಮೃತರ ಗಳಿಕೆಯನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ, ಗುದ್ದಿದ ಗಾಡಿ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ ಸಿಗುವುದು 2 ಲಕ್ಷ.

ಡ್ರೈವರ್ ಸೀಟು

ಪುಣೆಯ ಪ್ರಕರಣದಲ್ಲಿ ಕಾರು ಓಡಿಸಿದ್ದು ತಾನೇ ಎಂದು ಒಪ್ಪಿಕೊಳ್ಳುವಂತೆ ಮನೆಯ ಡ್ರೈವರ್ ಮೇಲೆ ಒತ್ತಡ ತಂದು ಕೂಡಿಹಾಕಿದ ಆರೋಪದಲ್ಲೂ ಬಂಧನಗಳಾದವು. ಮುಂಬೈ-ಪುಣೆಯಲ್ಲಿ ಇಂಥ ಸೀಟಿನಲ್ಲಿ ಕೂತವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು ಬೇಕಾದಷ್ಟಿದ್ದಾರೆ. "ನಾಲ್ಕು ದಿನ ಒಳಗಿದ್ದು ಬಾ, ಮನೆ ಕಡೆ ನಾವು ನೋಡ್ಕೋತೀವಿ" ಎಂಬ ಮಾತು ಬಂದಾಗ ಏನಾಗುತ್ತದೆ ಎಂಬುದನ್ನು ಅವರು ಮೊದಲೇ ತಿಳಿದಿರಬೇಕು.

ಸುಳ್ಳು ನಿಲ್ಲುವುದಿಲ್ಲ. ಬಲಗೈ ಚಾಲನೆಯ ಕಾರಿನಲ್ಲಿ ಸೀಟ್ ಬೆಲ್ಟಿನ ಗುರುತು ಚಾಲಕನ ಬಲ ಭುಜದಿಂದ ಎಡ ಸೊಂಟಕ್ಕೆ, ಪಕ್ಕ ಕೂತವನಿಗೆ ಎಡ ಭುಜದಿಂದ. ಬಿಚ್ಚಿಕೊಂಡ ಏರ್‌ಬ್ಯಾಗಿನ ಬಟ್ಟೆಯಲ್ಲಿ ಮುಖದ ಚರ್ಮ, ಎಂಜಲು ಉಳಿಯುತ್ತದೆ, ಡಿಎನ್‌ಎ ಸಿಗುತ್ತದೆ. ಸೀಟು ಎಷ್ಟು ಹಿಂದಕ್ಕಿದೆ ಎನ್ನುವುದು ಕಾಲಿನ ಉದ್ದ ಹೇಳುತ್ತದೆ. ಅನೇಕ ದುಬಾರಿ ಕಾರುಗಳ ಏರ್‌ಬ್ಯಾಗ್ ಕಂಪ್ಯೂಟರಿನಲ್ಲಿ ಗುದ್ದುವ ಮುಂಚಿನ ಸುಮಾರು ಐದು ಸೆಕೆಂಡಿನ ವೇಗ, ಬ್ರೇಕು, ಬೆಲ್ಟು ದಾಖಲಾಗಿರುತ್ತದೆ. ಫೋನು ಯಾವ ಟವರಿನಲ್ಲಿತ್ತು ಎಂಬುದು ಬೇರೆ. ಇಷ್ಟೆಲ್ಲ ಎದುರು ಬಂದಾಗ ಧಣಿ ಮನೆಯವರು ವಕೀಲರನ್ನು ಇಡುತ್ತಾರೆ, ಸುಳ್ಳು ಹೇಳಿಕೆ ಕೊಟ್ಟ ಡ್ರೈವರ್ ಮೇಲೆ ಅಪರಾಧಿಯನ್ನು ಮರೆಮಾಚಿದ ಕೇಸು, ನ್ಯಾಯ ಸಂಹಿತೆಯ ಸೆಕ್ಷನ್ 238. ಆದ್ದರಿಂದ ಮೊದಲು ಮನೆಯವರಿಗೆ ಲೊಕೇಶನ್ ಕಳಿಸಬೇಕು, 112ಕ್ಕೆ ಕರೆ ಮಾಡಬೇಕು, ಹೇಳಿಕೆಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) 183ರ ಅಡಿ ಮ್ಯಾಜಿಸ್ಟ್ರೇಟ್ ಎದುರೇ ಕೊಡುತ್ತೇನೆ ಎನ್ನಬೇಕು. ಉಚಿತ ವಕೀಲರು ಬೇಕಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಸುತ್ತ ಸೇರಿದವರ ಸಿಟ್ಟೂ ಆ ಹೊತ್ತಿನಲ್ಲಿ ದಾರಿ ತಪ್ಪುತ್ತದೆ. ಕಲ್ಯಾಣಿನಗರದಲ್ಲಿ ಜನ ಹುಡುಗನನ್ನು ಹಿಡಿದು ಬಡಿದರು. ಬಡಿದ ಮೈಮೇಲೆ ಬೆಲ್ಟಿನ ಗುರುತು ಯಾವುದು, ಏಟಿನ ಗುರುತು ಯಾವುದು ಎಂದು ಬೇರ್ಪಡಿಸುವುದು ವೈದ್ಯರಿಗೂ ಕಷ್ಟ, ಆರೋಪಿಯ ವಕೀಲರಿಗೆ ಅದೊಂದು ಅಸ್ತ್ರ. ಬಡಿಯುವ ಬದಲು ಓಡದಂತೆ ತಡೆದು ನಿಲ್ಲಿಸಿದರೆ ಸಾಕು. ಅಷ್ಟರಲ್ಲಿ ಇನ್ನೊಬ್ಬರು ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಬೇಕು. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಇರುವುದರಿಂದ ಸಾಗಿಸಿದವರನ್ನು ಸಾಕ್ಷಿ ಹೇಳು ಎಂದು ಬಲವಂತ ಮಾಡುವಂತಿಲ್ಲ, 2025ರ ಮೇ ತಿಂಗಳಿಂದ ಏಳು ದಿನದವರೆಗೆ ಒಂದೂವರೆ ಲಕ್ಷದ ಚಿಕಿತ್ಸೆಗೆ ನಗದು ಕೇಳುವಂತಿಲ್ಲ. ಮೂರನೆಯವರು ಫೋನಿನಲ್ಲಿ ನಂಬರ್ ಪ್ಲೇಟು, ಸೀಟಿನಲ್ಲಿ ಕೂತವರ ಮುಖ ತೆಗೆದುಕೊಳ್ಳಬೇಕು. ಪ್ಲೇಟ್ ಇಲ್ಲದಿದ್ದರೆ ಎಷ್ಟೋ ಕಾರುಗಳಲ್ಲಿ ಮುಂಗಾಜಿನ ಕೆಳಮೂಲೆಯಲ್ಲಿ 17 ಅಕ್ಷರ-ಅಂಕಿಗಳ ಚಾಸಿ ಸಂಖ್ಯೆ ಹೊರಗಿನಿಂದಲೇ ಕಾಣುತ್ತದೆ, ಅದರ ಫೋಟೊ ತೆಗೆಯಬೇಕು.

ಮರುದಿನದ ಕೆಲಸ ಇನ್ನೂ ಮುಖ್ಯ, ಅದನ್ನೇ ಎಲ್ಲರೂ ಮರೆಯುವುದು. ಹೋಟೆಲು, ಮೆಡಿಕಲ್ ಶಾಪು, ಸೊಸೈಟಿ ಗೇಟಿನ ಸಿಸಿಟಿವಿ ಡಬ್ಬಿಗಳು ಹಾರ್ಡ್ ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದನ್ನು ಬರೆಯುತ್ತವೆ. ಕ್ಯಾಮರಾ ಎಷ್ಟಿವೆ, ಡಿಸ್ಕ್ ಎಷ್ಟು ದೊಡ್ಡದು ಎಂಬುದರ ಮೇಲೆ ಒಂದು ವಾರದಿಂದ ಒಂದು ತಿಂಗಳು, ಅಷ್ಟೇ ಆಯುಸ್ಸು. ಪೊಲೀಸರು ಕೇಳಲಿ ಎಂದು ಕಾಯದೆ ಆ ರಾತ್ರಿಯ ಭಾಗವನ್ನು ಪೆನ್ ಡ್ರೈವ್‌ಗೆ ಇಳಿಸಿ ಇಡಬೇಕು. ಡಬ್ಬಿಯ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ನಿಮಿಷ ಹಿಂದೆ-ಮುಂದೆ ಇದೆ ಎಂಬುದನ್ನು ಪರದೆಯ ಪಕ್ಕ ಫೋನ್ ಹಿಡಿದು ಒಂದು ಚಿತ್ರ ತೆಗೆದುಕೊಳ್ಳಬೇಕು. ಹತ್ತು ನಿಮಿಷದ ವ್ಯತ್ಯಾಸ ವಿವರಿಸಲಾಗದೆ ಸಾಕ್ಷ್ಯದ ಮೇಲೆ ಅನುಮಾನ ಹುಟ್ಟುವುದುಂಟು. ಡಬ್ಬಿಯನ್ನು ಪೊಲೀಸರು ಒಯ್ದರೆ ಪಂಚನಾಮೆಯಲ್ಲಿ ಅದರ ಸೀರಿಯಲ್ ನಂಬರ್ ಬರೆಸಿಕೊಂಡು ಪ್ರತಿ ಇಟ್ಟುಕೊಳ್ಳಬೇಕು.